ಮಿದ್ಬಾರ್ ಎಂಬ ಅರಣ್ಯ

ಬೈಬಲ್‌ನ ನಾಲ್ಕನೇ ಗ್ರಂಥಕ್ಕೆ ಇಂಗ್ಲಿಷಿನಲ್ಲಿ ‘ನಂಬರ್ಸ್’ ಎಂದು ಹೆಸರು. ಕನ್ನಡದ ಹಳೆಯ ಭಾಷಾಂತರದಲ್ಲಿ ಅದು ‘ಅರಣ್ಯಕಾಂಡ’. ಹೀಬ್ರೂ ಮೂಲದಲ್ಲಿ ‘ಬೆಮಿದ್ಬಾರ್’, ಅಂದರೆ ‘ಮಿದ್ಬಾರ್‌ನಲ್ಲಿ’. ನಮ್ಮ ಭಾಷಾಂತರಕಾರರು ಇಂಗ್ಲಿಷಿನ ಹೆಸರನ್ನು ಬಿಟ್ಟು ಮೂಲಕ್ಕೆ ಹತ್ತಿರವಾದದ್ದು ಮೆಚ್ಚತಕ್ಕ ಸಂಗತಿ.

ಆದರೆ ಅರಣ್ಯವೆಂದೊಡನೆ ನಮಗೆ ನೆನಪಾಗುವುದು ರಾಮಾಯಣದ ದಟ್ಟ ಕಾಡು. ಮಿದ್ಬಾರ್ ಕಾಡಲ್ಲ. ಮಳೆ ಕಡಿಮೆಯಿರುವ, ಬೇಸಾಯಕ್ಕೆ ಒಗ್ಗದ, ಕುರಿ ಮೇಕೆಗಳನ್ನಷ್ಟೇ ಮೇಯಿಸಬಹುದಾದ ನೆಲ ಅದು. ಮಂದೆಯನ್ನು ಮೇವಿಗೆ ಹೊಡೆದುಕೊಂಡು ಹೋಗುವುದು ಎಂಬರ್ಥದ ಧಾತುವಿನಿಂದ ಈ ಪದ ಬಂದಿದೆಯೆಂದು ಹಲವು ವಿದ್ವಾಂಸರು ಹೇಳುತ್ತಾರೆ. ‘ಮರುಭೂಮಿ’ ಎಂದರೂ ಸಾಲದು. ಆ ಪದದಲ್ಲಿ ಕುರಿಗಾಹಿಗೆ ಜಾಗವಿಲ್ಲ. ಪ್ರವಾದಿ ಮೂಸಾ ಮದ್‌ಯನ್‌ನಲ್ಲಿ ಕುರಿ ಕಾಯ್ದವರು ಎಂಬುದನ್ನು ನೆನೆದರೆ ಈ ನಷ್ಟ ಎಷ್ಟೆಂದು ತಿಳಿಯುತ್ತದೆ.

‘ನಹಲ್’ ಎಂಬ ಪದವನ್ನೇ ನೋಡಿ. ಅದನ್ನು ಹೊಳೆ, ತೊರೆ ಎಂದುಬಿಡುವುದು ಸುಲಭ. ಆದರೆ ಅರಬಿಯ ‘ವಾದಿ’ಯಂತೆ ಅದು ಮಳೆ ಬಂದಾಗ ಭೋರ್ಗರೆದು ಬೇಸಿಗೆಯಲ್ಲಿ ಬತ್ತುವಂಥದ್ದು. ಉತ್ತರ ಕರ್ನಾಟಕದ ‘ಹಳ್ಳ’ ಅದಕ್ಕೆ ಹತ್ತಿರ. ಯೋಬನ ಗ್ರಂಥದಲ್ಲಿ ಕಷ್ಟಕಾಲದಲ್ಲಿ ಕೈಬಿಟ್ಟ ಗೆಳೆಯರನ್ನು ನಹಲ್‌ಗೆ ಹೋಲಿಸಿರುವುದು ಈ ಕಾರಣಕ್ಕೆ. ಪ್ರವಾದಿ ಆಮೋಸ ನ್ಯಾಯಕ್ಕೆ ಕೊಡುವ ಉಪಮೆ ಎಂದೂ ಬತ್ತದ ನಹಲ್. ಹೊಳೆ ಬತ್ತುತ್ತದೆಂದು ಬಲ್ಲವರಿಗೆ ಮಾತ್ರ ‘ಬತ್ತದ’ ಎಂಬ ಮಾತಿನ ತೂಕ ಗೊತ್ತು.

ಹೀಬ್ರೂವಿನ ‘ಅಯಿನ್’, ಅರಬಿಯ ‘ಐನ್’ ಎರಡಕ್ಕೂ ಕಣ್ಣು ಎಂದೂ ನೀರಿನ ಸೆಲೆ ಎಂದೂ ಅರ್ಥ. ಮೂಸಾ ಬಂಡೆಗೆ ಬಡಿದಾಗ ಹನ್ನೆರಡು ಚಿಲುಮೆಗಳು ಚಿಮ್ಮಿದ್ದನ್ನು ಹೇಳುವ ಅಲ್‌ಬಕರ ಅಧ್ಯಾಯದ 60ನೇ ಸೂಕ್ತದಲ್ಲಿ ಬರುವುದೂ ಇದೇ ಪದ. ಬೇರೆಯೇ ಭಾಷಾ ಕುಟುಂಬದ ಕನ್ನಡದಲ್ಲೂ ನಾವು ‘ಜಲದ ಕಣ್ಣು’ ಎನ್ನುತ್ತೇವಲ್ಲವೇ?

ಹೀಬ್ರೂ ಮತ್ತು ಅರಬಿ ಇಷ್ಟು ಹತ್ತಿರದ ಸೋದರ ಭಾಷೆಗಳು. ಆದರೂ 1949ರಲ್ಲಿ ಇಸ್ರೇಲ್ ಸರಕಾರವು ನೆಗೆವ್ ಪ್ರದೇಶದ ಅರಬಿ ಸ್ಥಳನಾಮಗಳ ಬದಲಿಗೆ ಹೀಬ್ರೂ ಹೆಸರುಗಳನ್ನಿಡಲು ಸಮಿತಿಯೊಂದನ್ನು ನೇಮಿಸಿತು. ನಕಾಶೆಯಲ್ಲಿ ‘ವಾದಿ’ಗಳು ‘ನಹಲ್’ಗಳಾದವು. ಇದೂ ಒಂದು ಬಗೆಯ ಅನುವಾದವೇ. ಪದದ ಅರ್ಥ ಹೆಚ್ಚುಕಡಿಮೆ ಉಳಿಯಿತು. ಆ ಹಳ್ಳದ ದಂಡೆಯಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದವರು ಅದನ್ನು ಕರೆಯುತ್ತಿದ್ದ ಹೆಸರು ನಕಾಶೆಯಿಂದ ಅಳಿಯಿತು. ನೆಲದ ಪದಗಳನ್ನು ನಿಘಂಟಿನಿಂದ ಮಾತ್ರ ಓದಬಾರದು ಎನ್ನುವುದು ಇದಕ್ಕೇ.