ಯಾರ ಮನೆಯ ಲೀಟರು?

ಬೀದರ್ ಸೀಮೆಯಲ್ಲಿ ವಾಂತಿಭೇದಿಯ ಸುದ್ದಿ ಬಂದಾಗಲೆಲ್ಲ ಒಂದೇ ರಾಗ ಕೇಳಿಬರುತ್ತದೆ: ಜನರಿಗೆ ಅರಿವಿಲ್ಲ, ಸರಳ ಕನ್ನಡದಲ್ಲಿ ಬರೆಯಬೇಕು, ಚಿತ್ರ ಹಾಕಬೇಕು, ಔರಾದಿಗೆ ಮರಾಠಿ ಪ್ರತಿ, ಹಳೆ ಬೀದರಿಗೆ ಉರ್ದು ಪ್ರತಿ ಹಂಚಬೇಕು. ಒಳ್ಳೆಯ ಮನಸ್ಸಿನ ಮಾತು, ಒಪ್ಪುತ್ತೇನೆ. ಆದರೆ ಇದು ದೋಷವನ್ನು ಓದುವವರಲ್ಲಿ ಹುಡುಕುತ್ತದೆ. ನನಗದು ಕರಪತ್ರ, ಗೋಡೆಬರಹಗಳ ಪಠ್ಯದಲ್ಲೇ ಕಾಣುತ್ತದೆ.

ಪಠ್ಯವನ್ನೇ ಓದೋಣ, ಪದ್ಯ ಓದುವಷ್ಟು ನಿಧಾನವಾಗಿ. ‘ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಸಿ.’ ಒಂದೂ ಕಠಿಣ ಪದವಿಲ್ಲ. ಸರಳತೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೂ ತಾಯಿ ಒಲೆಯ ಮುಂದೆ ನಿಂತೇ ಇದ್ದಾಳೆ. ಭಾಲ್ಕಿಯ ತಂಬಗಿ, ಔರಾದಿನ ತಾಂಬ್ಯಾ, ಹಳೆ ಬೀದರಿನ ಲೋಟಾ: ಇವುಗಳಲ್ಲಿ ಯಾವುದು ಲೀಟರು? ಕೂಸು ಕುಡಿಯುವುದೇ ಎರಡು ಗುಟುಕು. ಹಾಗಾದರೆ ಅರ್ಧ ಪುಡಿಯನ್ನು ಒಂದು ಗ್ಲಾಸಿಗೆ ಹಾಕಿದರೆ ನಡೆದೀತೆ? ನಡೆಯದು, ಉಪ್ಪಿನ ಪ್ರಮಾಣ ಮೀರುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು 200 ಮಿಲಿ ನೀರಿಗೆ ಮಾಡಿದ ಸಣ್ಣ ಪೊಟ್ಟಣವಾದರೆ? ಆಗ ಗೋಡೆಯ ಮೇಲಿನ ವಾಕ್ಯ ಸರಳವೂ ಹೌದು, ತಪ್ಪೂ ಹೌದು. ಆ ವಾಕ್ಯ ಹೇಳದ್ದು ಇನ್ನೂ ಇದೆ: ಕುಡಿಸಿದ್ದು ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಮತ್ತೆ ಕೊಡಬೇಕು. ಉಳಿದದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಜಿಂಕ್ ಗುಳಿಗೆ 14 ದಿನ ಎಂದಷ್ಟೇ ಹೇಳಿ, ‘ಭೇದಿ ನಿಂತ ಮೇಲೂ’ ಎಂಬ ಮೂರು ಪದ ಬಿಟ್ಟರೆ ಮೂರನೆಯ ದಿನಕ್ಕೇ ಗುಳಿಗೆ ಗೂಡು ಸೇರುತ್ತದೆ. ಸರಳಗೊಳಿಸುವವರು ಮೊದಲು ಕತ್ತರಿಸುವುದು ಇಂಥ ಪದಗಳನ್ನೇ.

ಹಾಗಾದರೆ ಭಾಷೆ ಮುಖ್ಯವಲ್ಲವೇ? ಮುಖ್ಯವೇ. ‘ಕೂಸಿಗಿ ಸಂಡಾಸ್ ಹತ್ಯದ’ ಎನ್ನುವ ಮನೆಗೆ ‘ಅತಿಸಾರ’ ಎಂದು ಬರೆದು ಕಳಿಸುವುದು ಸೊಕ್ಕು. ಆದರೆ ಉತ್ತರವಿಲ್ಲದ ಪಠ್ಯವನ್ನು ಮೂರು ಲಿಪಿಗೆ ಇಳಿಸಿದರೆ ಮೂರು ಲಿಪಿಯಲ್ಲೂ ಉತ್ತರ ಇರುವುದಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ನಾವು ಭಾಷಾಭಿಮಾನದ ಕತೆಯಾಗಿ ಮಾತ್ರ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸಂಗತಿಯಿದೆ: ಮಕ್ಕಳು ಕಲಿತದ್ದು ಫಲಕದಿಂದಲ್ಲ. ಇಂದು ಓಆರ್‌ಎಸ್ ಪಾಠ ನಡೆಯುವುದೂ ಫಲಕದಲ್ಲಲ್ಲ, ಹೊಸ್ತಿಲಲ್ಲಿ, ಆಶಾ ಕಾರ್ಯಕರ್ತೆಯ ಬಾಯಲ್ಲಿ. ‘ಲೀಟರ್ ಬಾಟ್ಲಿ ತುಂಬ ನೀರ್ ತಗೋರಿ, ಪುಡಿ ಪೂರಾ ಹಾಕ್ರಿ’ ಎಂದು ಆಕೆ ಅಂದರೆ ಅಳತೆಯ ಪಾತ್ರೆ ಮಾತಿನೊಳಗೇ ಬಂತು. ಕರಡು ತಿದ್ದುವ ಮೇಜಿನ ಸುತ್ತ ಆಕೆಗೆ ಕುರ್ಚಿ ಹಾಕಿದವರುಂಟೇ?

ಜನರ ನಂಬಿಕೆಯನ್ನು ಅಜ್ಞಾನವೆಂದು ತಳ್ಳುವುದು ಇನ್ನೊಂದು ಚಾಳಿ. ನಮ್ಮಲ್ಲಿ ಸುಸ್ತಾದರೆ ‘ಸಲಾಯಿನ್ ಹಚ್ರಿ’ ಎನ್ನುತ್ತಾರೆ, ಓದಿದವರು ನಗುತ್ತಾರೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ನಗಲಿಲ್ಲ. ಉಪ್ಪು-ಗ್ಲೂಕೋಸಿನ ನೀರನ್ನೇ ಬಾಯಿಂದ ಕುಡಿಯುವ ಸಲೈನ್ ಎಂದು ಕರೆದರು. ರೋಗಿಗಳ ಮನೆಯವರೇ ಅದನ್ನು ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ಹೆಸರೂ ಚಿಕಿತ್ಸೆಯ ಭಾಗವೇ ಎಂದು ನನ್ನ ಎಣಿಕೆ.

1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಇನ್ನೂ ಮುಂದೆ ಹೋಯಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಅಳತೆ ತಾಯಿಯ ಕೈಯಲ್ಲೇ ಇತ್ತು. ಕಲಿಸಿದಾಕೆಗೆ ಸಂಬಳ ಸಿಗುತ್ತಿದ್ದುದು ಎಷ್ಟು ಮನೆ ಸುತ್ತಿದಳೆಂದು ನೋಡಿ ಅಲ್ಲ, ತಾಯಂದಿರು ಎಷ್ಟು ನೆನಪಿಟ್ಟುಕೊಂಡರೆಂದು ನೋಡಿ. ಅಲ್ಲಿ ಬಹುಮಟ್ಟಿಗೆ ಒಂದೇ ಭಾಷೆ, ಇಲ್ಲಿ ಹಾಗಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಇಂದು ಪೊಟ್ಟಣ ಇರುವಾಗ ಚಿಟಿಕೆಗೆ ಮರಳಬೇಕೆಂದೂ ನಾನು ಹೇಳುತ್ತಿಲ್ಲ. ನನ್ನ ತಕರಾರು ಲೆಕ್ಕದ ಬಗ್ಗೆ. ನಾವು ಕರಪತ್ರ ಎಣಿಸುತ್ತೇವೆ, ಜಾಥಾದ ಫೋಟೊ ಲಗತ್ತಿಸುತ್ತೇವೆ. ಮರುದಿನ ಹೋಗಿ ‘ಬಾಯಿ, ಒಮ್ಮೆ ಕಲಸಿ ತೋರಿಸ್ರಿ’ ಎನ್ನುವುದಿಲ್ಲ.

ಔರಾದಿನ ಹತ್ತು ಮನೆಗಳ ತಾಂಬ್ಯಾಗಳಿಗೆ ಎಷ್ಟು ನೀರು ಹಿಡಿಯುತ್ತದೆಂದು ಯಾರಾದರೂ ಅಳೆದು ಬರಲಿ. ಆಮೇಲೆ ಮರಾಠಿ ಪ್ರತಿ ಧಾರಾಳವಾಗಿ ಅಚ್ಚಾಗಲಿ. ಕರಡು ಬೇಕಾದರೆ ನಾನೇ ತಿದ್ದಿಕೊಡುತ್ತೇನೆ.