ಗೊಟಗೋಡಿಯ ಉದ್ಯಾನ: ಒಂದು ವಿಮರ್ಶೆ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನಿನ ಶಿಲ್ಪಗಳನ್ನು ಕುರಿತು ನಮಗೆ ಆಕ್ಷೇಪವಿಲ್ಲ. ದಿವಂಗತ ಟಿ. ಬಿ. ಸೊಲಬಕ್ಕನವರು ರೂಪಿಸಿದ ಆ ರೈತರಲ್ಲಿ, ಮನೆಯಂಗಳಗಳಲ್ಲಿ ಈ ಸೀಮೆಯ ಬಾಳುವೆ ನಿಜವಾಗಿ ಮೂಡಿದೆ. ಆದರೆ ಅವಕ್ಕೆ ಮಾದರಿಯಾದ ಕೂಲಿಕಾರನ ಸಂಸಾರ ಅವನ್ನು ನೋಡಲು ಟಿಕೇಟು ಕೊಳ್ಳಬೇಕು. ಖಾಸಗಿ ತೋಟಕ್ಕೆ ಅದು ಅನಿವಾರ್ಯವೆಂದು ಒಪ್ಪೋಣ. ಅದನ್ನೇ ಸೀಮೆಯ ಉದ್ಯಾನವೆಂದು ತೋರಿಸಿ ಪುರಸಭೆಗಳು ಸುಮ್ಮನಾದರೆ ಒಪ್ಪಲಾರೆವು.

ಟಿಕೇಟಿಲ್ಲದ ನೆರಳೂ ಇಲ್ಲುಂಟು: ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ಆಫ್ರಿಕ ಮೂಲದ ಮಹಾವೃಕ್ಷಗಳು, ಹಾನಗಲ್ಲಿನ ಆನಿಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ. ಹಿಂದೆ ಕೆರೆಯ ದಂಡೆಗಳು ಸರ್ವರಿಗೂ ತೆರೆದಿದ್ದವೆಂಬ ಮಾತು ಮಾತ್ರ ಇತಿಹಾಸಕ್ಕೆ ಹೊಂದುವುದಿಲ್ಲ. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂದು ಮುಂಬಯಿ ಶಾಸನಸಭೆಯು 1923ರಲ್ಲಿಯೇ ಠರಾವು ಮಾಡಿತ್ತು. ಹಾನಗಲ್ಲು, ಹಿರೇಕೆರೂರು ಅಂದು ಅದೇ ಪ್ರಾಂತದಲ್ಲಿದ್ದವು. ಆದರೂ 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಡಾ. ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಠರಾವಿನ ಯೋಗ್ಯತೆ ಅಷ್ಟು!

ಆದುದರಿಂದ ಕೆರೆದಂಡೆಗಳಿಗೆ ಬೇಲಿ, ಕಾರಂಜಿ, ಕಮಾನುಗಳ ನಕ್ಷೆ ಬರೆಯುವವರು ಬಾಗಿಲಲ್ಲಿ ಟಿಕೇಟಿನ ಗೂಡು ಇಡುವರೇ, ದಲಿತರ ಓಣಿಯಿಂದ ಅಲ್ಲಿಗೊಂದು ಕಾಲುದಾರಿ ಬಿಡುವರೇ ಎಂಬುದನ್ನೇ ನಾವು ಮೊದಲು ನೋಡುತ್ತೇವೆ. ಕಾರಂಜಿಯ ಅಂದಚೆಂದ ಆಮೇಲಿನ ಮಾತು.