ಬೇಲಿಯೊಳಗಿನ 'ರಕ್ಷಣೆ'

ಒಂದು ಆಡಳಿತದ ಅಂತರಂಗವನ್ನು ಅರಿಯಬೇಕಾದರೆ ಅದು ಬಳಸುವ ಪದಗಳನ್ನು ಪರೀಕ್ಷಿಸಬೇಕು. ಇಂದಿನ ಜಿಂಬಾಬ್ವೆ ಅಂದು ರೊಡೇಷಿಯಾ ಆಗಿದ್ದಾಗ, ಗ್ರಾಮವಾಸಿ ಆಫ್ರಿಕನ್ನರನ್ನು ಆಳುತ್ತಿದ್ದ 'ನೇಟಿವ್' ಇಲಾಖೆಯು 1962ರಲ್ಲಿ 'ಆಂತರಿಕ ವ್ಯವಹಾರಗಳ ಸಚಿವಾಲಯ'ವಾಯಿತು. ಹೆಸರು ಸೌಮ್ಯವಾಯಿತು, ಬಿಳಿಯ ಕಮಿಷನರರ ಅಧಿಕಾರ ಕುಗ್ಗಲಿಲ್ಲ. ಒಕ್ಕಲಿನವನು ಎಷ್ಟು ದನ ಸಾಕಬಹುದೆಂಬುದಕ್ಕೂ 1951ರ ಕಾಯಿದೆಯೊಂದು ಮಿತಿ ಹಾಕಿತ್ತು. 1969ರ ಭೂಕಾಯಿದೆಯು ಎರಡೂವರೆ ಲಕ್ಷಕ್ಕೂ ಕಡಿಮೆಯಿದ್ದ ಬಿಳಿಯರಿಗೆ ಸುಮಾರು 4.5 ಕೋಟಿ ಎಕರೆಯನ್ನೂ, ಸುಮಾರು 50 ಲಕ್ಷ ಆಫ್ರಿಕನ್ನರಿಗೆ ಅಷ್ಟೇ ಭೂಮಿಯನ್ನೂ ಮೀಸಲಿಟ್ಟು, ಅದನ್ನು ಸಮಪಾಲು ಎಂದಿತು!

ವಿಮೋಚನಾ ಹೋರಾಟ ತೀವ್ರಗೊಂಡಾಗ 'ರಕ್ಷಿತ ಗ್ರಾಮ' ಎಂಬ ಪದ ಹುಟ್ಟಿತು. 1974ರಲ್ಲಿ ಚಿವೆಷೆ ಪ್ರದೇಶದ ಸಾವಿರಾರು ಕುಟುಂಬಗಳು ತಮ್ಮ ಮನೆ ತೊರೆದು ತಂತಿಬೇಲಿಯೊಳಗೆ ಸೇರಬೇಕಾಯಿತು. ಸಂಜೆಯಿಂದ ಮುಂಜಾನೆಯವರೆಗೆ ಹೊರಹೋಗುವಂತಿರಲಿಲ್ಲ. ದೂರದ ಹೊಲಗಳು ಆರೈಕೆ ಕಾಣದೆ ಸೊರಗಿದವು. ಹೋರಾಟಗಾರರಿಗೆ ಅನ್ನ, ಸುದ್ದಿ ಸಿಗದಂತೆ ಮಾಡುವುದೇ ಈ 'ರಕ್ಷಣೆ'ಯ ಗುರಿ.

ಆ ದೇಶದ ಕಥೋಲಿಕ ನ್ಯಾಯ ಮತ್ತು ಶಾಂತಿ ಆಯೋಗದ ವರದಿ 'ದ ಮ್ಯಾನ್ ಇನ್ ದ ಮಿಡಲ್' 1975ರಲ್ಲಿ ಪ್ರಕಟವಾಯಿತು. ಚಿತ್ರಹಿಂಸೆ, ಸ್ಥಳಾಂತರ, ಒಕ್ಕಲೆಬ್ಬಿಸುವಿಕೆಗಳನ್ನು ಲೋಕದ ಮುಂದಿಟ್ಟ ಈ ಕೃತಿಯ ಧೈರ್ಯ ದೊಡ್ಡದು. ಸೈನ್ಯ ಮತ್ತು ಹೋರಾಟಗಾರರ ನಡುವೆ ಸಿಕ್ಕ ಬಡವನ ಸಂಕಟವನ್ನು ಅದರ ಶೀರ್ಷಿಕೆ ಚೆನ್ನಾಗಿ ಹಿಡಿದಿದೆ. ಆದರೂ ಆ ಶೀರ್ಷಿಕೆಗೆ ಒಂದು ಕೊರತೆಯಿದೆ. ಅವನು ಆಕಸ್ಮಿಕವಾಗಿ ನಡುವೆ ಸಿಕ್ಕವನಲ್ಲ. ದಶಕಗಳ ಭೂಕಾಯಿದೆಗಳು ಅವನನ್ನು ಅಲ್ಲಿಗೆ ತಳ್ಳಿದ್ದವು.

ಧರ್ಮಸಭೆಯೂ ಈ ಚರಿತ್ರೆಯ ಹೊರಗಿಲ್ಲ. ಚಿಶವಾಶಾದಲ್ಲಿ ಯೇಸುಸಭೆಯವರ ಮಿಷನ್ ನೆಲೆಗೊಂಡದ್ದು ರೋಡ್ಸ್ ಕಂಪನಿ ಕೊಟ್ಟ ವಿಶಾಲ ಭೂಮಿಯ ಮೇಲೆ. ಅದೇ ಧರ್ಮಸಭೆಯಿಂದ, ಆಯೋಗದ ಅಧ್ಯಕ್ಷರಾಗಿದ್ದ ಉಮ್ತಾಲಿಯ ಧರ್ಮಾಧ್ಯಕ್ಷ ಡೊನಾಲ್ ಲಾಮೊಂಟ್ ಅವರ ದನಿಯೂ ಮೂಡಿತು. ಮಿಷನ್‌ಗೆ ಹೋರಾಟಗಾರರು ಬಂದುದನ್ನು ಸರ್ಕಾರಕ್ಕೆ ತಿಳಿಸಲಿಲ್ಲವೆಂದು 1976ರಲ್ಲಿ ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು; ಅದು ಮೇಲ್ಮನವಿಯಲ್ಲಿ ನಾಲ್ಕಕ್ಕಿಳಿಯಿತು. 1977ರಲ್ಲಿ ಅವರನ್ನು ಗಡಿಪಾರು ಮಾಡಲಾಯಿತು. ಮೂರು ವರ್ಷಗಳಲ್ಲಿ, 1980ರ ಏಪ್ರಿಲ್ 18ರಂದು, ಜಿಂಬಾಬ್ವೆ ಸ್ವತಂತ್ರವಾಯಿತು.

ಬಡವರ ರಕ್ಷಣೆಯ ಮಾತು ಇಂದಿಗೂ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಕೇಳಿದಾಗಲೆಲ್ಲ ನಾವು ಒಂದು ಪ್ರಶ್ನೆ ಹಾಕಬೇಕು: ಬೇಲಿಯ ಬೀಗದ ಕೈ ಯಾರ ಬಳಿ ಇದೆ? ಒಳಗಿರುವವನ ಬಳಿ ಇಲ್ಲವಾದರೆ ಅದು ರಕ್ಷಣೆಯಲ್ಲ, ಸೆರೆ.